ಇನ್ನೊಂದು ಬೆರಳು ಎಡಕ್ಕೆ

ಆಸ್ಪತ್ರೆಯಿಂದ ಗಂಡ ದಿವಾಕರ ಮನೆಗೆ ಬಂದ ದಿನ ಬಾಳೆಲೆಯ ಮೇಲೇ ಊಟ ಬಡಿಸಬೇಕು ಅಂತ ಶುಭಾ ಹಠ ಹಿಡಿದಳು. ಇಂಗ್ಲೆಂಡಿನ ಡಿಡ್ಸ್‌ಬರಿಯಲ್ಲಿ ಬಾಳೆಲೆ ಏನು ಹಿತ್ತಲಲ್ಲಿ ಬೆಳೆಯುತ್ತದೆಯೇ? ಊರಾಚೆಯ ಇಂಡಿಯನ್ ಅಂಗಡಿಯಿಂದ ತಂದು, ತೊಳೆದು, ಒರೆಸಿ, ಕ್ರಮ ತಪ್ಪದ ಹಾಗೆ ಬಡಿಸಿದಳು. ಎಡತುದಿಗೆ ಉಪ್ಪು, ಅದರ ಪಕ್ಕ ಮಾವಿನ ಮಿಡಿ, ಕೋಸಂಬರಿ. ನಡುವೆ ಬಿಸಿ ಅನ್ನ, ತಿಳಿಸಾರು. ಬಲಮೂಲೆಗೆ ಪಾಯಸ. ದಿವಾಕರ ಪಾಯಸ ಖಾಲಿ ಮಾಡಿದ. ಅನ್ನ ಮಾತ್ರ ಬಲಗಡೆಯ ಅರ್ಧ ತಿಂದ. ಉಳಿದರ್ಧ ಕತ್ತಿಯಲ್ಲಿ ಕೊಯ್ದ ಹಾಗೆ ಹಾಗೇ ನಿಂತಿತ್ತು.

"ಉಪ್ಪಿನಕಾಯಿ ಹಾಕ್ಲೇ ಇಲ್ವಲ್ಲೇ! ಬಿಪಿ ಅಂತ ಅದನ್ನೂ ನಿಲ್ಲಿಸಿಬಿಟ್ಯಾ?" ಎಂದು ಮುಖ ಗಂಟು ಹಾಕಿದ.

ಮಿಡಿ ಅವನ ಕಣ್ಣೆದುರೇ ಇತ್ತು. ಶುಭಾ ಎಲೆಯನ್ನು ಮೆಲ್ಲಗೆ ಅರ್ಧ ಸುತ್ತು ತಿರುಗಿಸಿದಳು. ಎಡಗಡೆ ಇದ್ದದ್ದು ಬಲಗಡೆಗೆ ಬಂತು.

"ಹಾಂ, ಈಗ ಬಡಿಸಿದೆಯಲ್ಲ, ಮೊದಲೇ ಹಾಕೋಕೆ ಏನಾಗಿತ್ತು ಧಾಡಿ!" ಎಂದು ಅವನು ಮಿಡಿ ಕಚ್ಚಿದ. ಶುಭಾ ನೀರು ತರುವ ನೆಪ ಮಾಡಿ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಳು.

ಕಣ್ಣಿಗೆ ಏನೂ ಆಗಿರಲಿಲ್ಲ. ಮಿದುಳಿನ ಬಲಭಾಗಕ್ಕೆ ಸ್ಟ್ರೋಕ್ ಆಗಿ, ಎಡಗಡೆ ಅನ್ನುವ ಒಂದು ಕಡೆ ಇದೆ ಎಂಬುದೇ ಅವನಿಗೆ ಮರೆತುಹೋಗಿತ್ತು. ಕೈಕಾಲು ಪುಣ್ಯಕ್ಕೆ ಆಡುತ್ತಿದ್ದವು, ಎಡಗೈ ಸ್ವಲ್ಪ ಸೋಮಾರಿ ಅಷ್ಟೆ. ಆದರೆ ಗಡ್ಡ ಹೆರೆದುಕೊಂಡರೆ ಬಲಗೆನ್ನೆ ಮಾತ್ರ ನುಣ್ಣಗೆ. ಬಾಗಿಲು ದಾಟುವಾಗ ಎಡಭುಜ ಚೌಕಟ್ಟಿಗೆ ಢಕ್ ಅಂತ ಬಡಿಯುವುದು, "ಈ ಇಂಗ್ಲಿಷಿನವರ ಬಾಗಿಲೇ ಇಕ್ಕಟ್ಟು" ಅಂತ ಬೈಯುವುದು. ಜೀವಮಾನವೆಲ್ಲ ಅರಿವಳಿಕೆ ಡಾಕ್ಟರಾಗಿ ದುಡಿದ ಮನುಷ್ಯ ಇವನು. ಈ ಕಾಯಿಲೆ ಬಗ್ಗೆ ಹುಡುಗರಿಗೆ ಪಾಠವನ್ನೂ ಹೇಳಿದ್ದ. ಈಗ ತನಗೆ ಬಂದಿದೆ ಎಂದರೆ ಮಾತ್ರ, "ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ" ಅನ್ನುತ್ತಿದ್ದ. ಅದೂ ಕಾಯಿಲೆಯದೇ ಒಂದು ಗುಣ, ಏನು ಮಾಡೋಣ!

ಮೊದಲ ಕೆಲವು ತಿಂಗಳಲ್ಲಿ ಎಡ ವಾಪಸ್ ಬಂದರೆ ಬಂತು, ಆಮೇಲೆ ಕಷ್ಟ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಬರದಿದ್ದರೆ ಒಬ್ಬನೇ ರಸ್ತೆಗಿಳಿಯುವ ಹಾಗಿಲ್ಲ. ಶುಭಾಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಅವಳೂ ಜಿಪಿ, ಅಂದರೆ ಬಡಾವಣೆಯ ಮಾಮೂಲಿ ಡಾಕ್ಟರಾಗಿ ನಿವೃತ್ತಳಾದವಳೇ. "ಏನೇ ಕೊಟ್ಟರೂ ಎಡಗಡೆಯಿಂದ ಕೊಡಿ, ಅವರೇ ಹುಡುಕಲಿ, ಮರುಕ ತೋರಿಸಬೇಡಿ" ಎಂದು ಎಷ್ಟೋ ಹೆಂಗಸರಿಗೆ ಬುದ್ಧಿ ಹೇಳಿ ಕಳಿಸಿದ್ದವಳು. ಪರರ ಗಂಡಂದಿರ ವಿಷಯದಲ್ಲಿ ಡಾಕ್ಟರಾಗುವುದು ಎಷ್ಟು ಸುಲಭ! ತನ್ನವನು ತಟ್ಟೆ ಮುಂದೆ ಹಸಿದ ಮಗುವಿನ ಹಾಗೆ ಕೂತಾಗ ಅವಳ ಕೈ ತಾನಾಗಿಯೇ ತಟ್ಟೆ ತಿರುಗಿಸಿಬಿಡುತ್ತಿತ್ತು.

ಒಂದೊಂದಾಗಿ ಮನೆಯೆಲ್ಲ ಬಲಕ್ಕೆ ವಾಲಿತು. ಕಾಫಿ ಲೋಟ ಬಲಕ್ಕೆ, ಮಾತ್ರೆ ಡಬ್ಬಿ ಬಲಕ್ಕೆ, ಹಾಸಿಗೆ ಪಕ್ಕದ ದೀಪ ಬಲಕ್ಕೆ. ಕೊನೆಗೆ ಅವಳೂ ಬಲಕ್ಕೆ ಬಂದಳು. ಮದುವೆಯಾದಾಗಿನಿಂದ ಸೋಫಾದಲ್ಲಿ ಅವನ ಎಡಗಡೆ ಕೂತು ರೂಢಿ ಅವಳಿಗೆ. ಅಲ್ಲಿ ಕೂತರೆ ಗಂಡ ತನ್ನ ಕಡೆ ತಿರುಗಿಯೂ ನೋಡುವುದಿಲ್ಲ ಎಂದು ಗೊತ್ತಾದ ಮೇಲೆ ಊಟದ ಮೇಜಿನ ಕುರ್ಚಿಯೊಂದನ್ನು ಎಳೆದು ಬಲಗಡೆ ಹಾಕಿಕೊಂಡಳು.

ಇನ್ನು ಉಳಿದದ್ದು ಆಟ. ಮಗಳು ಮಾಳವಿಕಾ ಲೆಮಿಂಗ್ಟನ್ ಸ್ಪಾ ಎಂಬ ಊರಿನಲ್ಲಿ ವಿಡಿಯೋ ಗೇಮ್ ಮಾಡುವ ಕಂಪನಿಯಲ್ಲಿದ್ದಾಳೆ. ಅವಳು ಹೊಟ್ಟೆಪಾಡಿಗೆ ಏನು ಮಾಡುತ್ತಾಳೆ ಅಂತ ತಿಳಿದುಕೊಳ್ಳೋಕೆ ಎಂದು ದಿವಾಕರ ಒಂದು ಆನ್‌ಲೈನ್ ಆಟ ಶುರುಮಾಡಿದ್ದ. ನಿವೃತ್ತಿಯಾದ ಮೇಲೆ ಅದರ ಹುಚ್ಚು ಹತ್ತಿತು. ಮಾಯಗಾರರು, ಡ್ರ್ಯಾಗನ್‌ಗಳು ತುಂಬಿದ ಆ ಲೋಕದಲ್ಲಿ ಇವನದು ಬೇರು, ಸೊಪ್ಪು ಅರೆದು ಔಷಧಿ ಕೊಡುವ ಮುದುಕನ ವೇಷ. ಹೆಸರು ದೇವೇಂದ್ರಪ್ಪ. ದಾವಣಗೆರೆಯಲ್ಲಿ ಚಿಕ್ಕಂದಿನಲ್ಲಿ ಇವನ ಮುರಿದ ಕೈ ಕಟ್ಟಿದ ನಾಟಿ ವೈದ್ಯರ ಹೆಸರದು. "ಆಪರೇಷನ್ ಥಿಯೇಟರಿನಿಂದ ಬಿಡಿಸಿಕೊಂಡು ಬಂದರೂ ಬುದ್ಧಿ ಬಿಡಲಿಲ್ಲ ನೋಡು" ಎಂದು ಶುಭಾ ಆಡಿಕೊಳ್ಳುತ್ತಿದ್ದಳು.

ಮನೆಗೆ ಬಂದವನೇ ಸೋಫಾದ ಮುಂದಿನ ಕಂಪ್ಯೂಟರಿನಲ್ಲಿ ಆಟಕ್ಕೆ ಕೂತ. ಜೊತೆಗೆ ಆಡುವ ಗುಂಪಿನವರ ಪ್ರಾಣ ಎಷ್ಟು ಉಳಿದಿದೆ ಎಂದು ತೋರಿಸುವ ಗೆರೆಗಳು ಪರದೆಯ ಎಡಗಡೆ ಇರುತ್ತವೆ. ಇವನು ಅವನ್ನು ನೋಡಲೇ ಇಲ್ಲ. ಮದ್ದಿಲ್ಲದೆ ಗುಂಪಿಗೆ ಗುಂಪೇ ಸತ್ತುಬಿತ್ತು. ಮುಖ ಮೂತಿ ಗೊತ್ತಿಲ್ಲದ ಹುಡುಗರು ಏನೇನೋ ಬೈದು ದೇವೇಂದ್ರಪ್ಪನನ್ನು ಹೊರಗೆ ಹಾಕಿದರು. ದಿವಾಕರ ಏನೂ ಅರ್ಥವಾಗದೆ ಪೆಚ್ಚಾಗಿ ಕೂತ. ಶುಭಾ ತಕ್ಷಣ ಮಗಳಿಗೆ ವಿಡಿಯೋ ಕಾಲ್ ಮಾಡಿದಳು.

"ಅಪ್ಪ ಒಬ್ಬರೇ ಆಡಲಿ ಅಮ್ಮ. ಸಣ್ಣಪುಟ್ಟ ಕ್ವೆಸ್ಟ್ ಮಾಡಲಿ" ಎಂದಳು ಮಾಳವಿಕಾ. ಕ್ವೆಸ್ಟ್ ಎಂದರೆ ಆಟದಲ್ಲಿ ಯಾರೋ ಒಪ್ಪಿಸುವ ಕೆಲಸ: ಇಂಥ ಗುಡ್ಡದಿಂದ ಬೇರು ತಾ, ಅಂಥ ಅಜ್ಜಿಗೆ ಕಷಾಯ ಮುಟ್ಟಿಸು. ಯಾವ ಕೆಲಸ ಎಲ್ಲಿಗೆ ಬಂತು, ಮುಂದೆ ಎತ್ತ ಹೋಗಬೇಕು ಎಂದು ತೋರಿಸಲು ಆಟಕ್ಕೆ ಆಡ್-ಆನ್ ಅಂತ ಸಿಗುತ್ತವೆ, ಯಾರು ಯಾರೋ ಬರೆದು ಬಿಟ್ಟಿಯಾಗಿ ಹಂಚುವ ಪುಟ್ಟ ಪುಟ್ಟ ಜೋಡಣೆಗಳು. ಮಗಳು ಸೀರೆ ಅಂಗಡಿಯವನ ಹಾಗೆ ಒಂದಾದ ಮೇಲೊಂದು ಬಿಡಿಸಿ ತೋರಿಸಿದಳು. ಒಂದರಲ್ಲಿ ಬರೀ ಬಾಣ. ಅದು ತೋರಿಸಿದತ್ತ ಓಡಬೇಕು. ಇನ್ನೊಂದು ಪರದೆ ತುಂಬ ಅಕ್ಷರ ಚೆಲ್ಲುತ್ತಿತ್ತು, ನೋಡಿದರೆ ತಲೆ ಚಿಟ್ಟು ಹಿಡಿಯಬೇಕು. ಮತ್ತೊಂದರಲ್ಲಿ ಕೆಲಸದ ಪಟ್ಟಿ, ನಕ್ಷೆ, ಬಾಣ ಎಲ್ಲವೂ ದಪ್ಪಕ್ಷರದಲ್ಲಿ, ಒಟ್ಟಾಗಿ, ಬಲಗಡೆಯ ಒಂದೇ ಅಂಕಣದಲ್ಲಿ.

"ಇದೇ ಇರಲಿ" ಎಂದಳು ಶುಭಾ.

"ಅಮ್ಮಾ, ಆರ್ ಯು ಶೂರ್? ಅದರಲ್ಲಿ ಏನನ್ನೂ ಸರಿಸೋಕಾಗಲ್ಲ. ಎಲ್ಲ ಬಲಗಡೆನೇ ಫಿಕ್ಸ್."

"ಅದಕ್ಕೇ ಕಣೇ ಬೇಕು."

ದಿವಾಕರನ ಖುಷಿ ನೋಡಬೇಕಿತ್ತು ಆಗ! ಬಾಣ ಹೇಳಿದ ಕಡೆಗೆಲ್ಲ ದೇವೇಂದ್ರಪ್ಪ ಓಡಿದ, ಬೇರು ಕಿತ್ತ, ಅಜ್ಜಿಯರ ಕೆಮ್ಮು ವಾಸಿಮಾಡಿದ. "ನೋಡಿದೆಯಾ, ನನಗೇನೂ ಆಗಿಲ್ಲ" ಎಂದು ಬಲಗಡೆಯ ಕುರ್ಚಿಯತ್ತ ತಿರುಗಿ ನಕ್ಕ. ಶುಭಾಳೂ ನಕ್ಕಳು. ಮನೆಯಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತೋ.

ಆ ನಗು ಬಹಳ ದಿನ ಉಳಿಯಲಿಲ್ಲ. ಒಂದು ಬಿಸಿಲಿನ ಬೆಳಿಗ್ಗೆ ಟ್ರ್ಯಾಮ್ ನಿಲ್ದಾಣದವರೆಗೆ ನಡೆದು ಬರೋಣ ಎಂದು ಇಬ್ಬರೂ ಹೊರಟರು. ಶುಭಾ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಒಂದೆರಡು ಹೆಜ್ಜೆ ಹಿಂದಿದ್ದಳು. ದಿವಾಕರ ರಸ್ತೆಯಂಚಿನಲ್ಲಿ ನಿಂತು ಬಲಕ್ಕೆ ನೋಡಿದ. ಆ ಕಡೆ ಖಾಲಿ. ರಾಜನ ಹಾಗೆ ಇಳಿದು, ನಡುರಸ್ತೆ ದಾಟಿಯೇಬಿಟ್ಟ. ಎಡಗಡೆಯಿಂದ ಬಂದ ಬಿಳಿ ವ್ಯಾನ್ ಹಾರ್ನ್ ಹೊಡೆಯುತ್ತ ಕಿರ್ರೆಂದು ಬ್ರೇಕ್ ಹಾಕಿ ಅವನ ಮೊಣಕಾಲಿನ ಹತ್ತಿರ ನಿಂತಿತು. ಶುಭಾ ಓಡಿಹೋಗಿ ತೋಳು ಹಿಡಿದಳು. ದಿವಾಕರ ಮಾತ್ರ ಹಾರ್ನ್ ಸದ್ದಿಗೂ ಬಲಕ್ಕೇ ತಿರುಗಿ, "ಯಾರೇ ಅದು ಹಾರ್ನ್ ಹೊಡೀತಿರೋದು?" ಎಂದ.

ಮನೆಗೆ ಬಂದು ಕೂತಳು. ಬಲಕ್ಕೆ ವಾಲಿದ್ದ ಲೋಟ, ದೀಪ, ಡಬ್ಬಿ, ಕುರ್ಚಿ ಎಲ್ಲವನ್ನೂ ನೋಡಿದಳು. ಮಗಳಿಗೆ ಫೋನ್ ಮಾಡಿ, "ನಾನೇ ನಿಮ್ಮಪ್ಪನಿಗೆ ಅರ್ಧ ಪ್ರಪಂಚ ಸಾಕು ಅಂತ ಮಾಡಿಟ್ಟೆ ಕಣೇ" ಎಂದು ಅತ್ತಳು.

ಮಾಳವಿಕಾ ಅಮ್ಮನನ್ನು ಅಳಲು ಬಿಟ್ಟಳು. ಆಮೇಲೆ, "ನಿನ್ನ ಪೇಷೆಂಟ್ ಒಬ್ಬರ ಹೆಂಡತಿ ಬಂದು ಹೀಗೆ ಅತ್ತಿದ್ದರೆ ಏನು ಹೇಳ್ತಿದ್ದೆ ಅಮ್ಮ?" ಎಂದು ಕೇಳಿದಳು.

ಶುಭಾ ಮೂಗು ಒರೆಸಿಕೊಂಡಳು. "ಎಳೆದು ಸರಿಸೋಕೆ ಬರೋ ಆಡ್-ಆನ್ ಯಾವುದಿದೆ, ತೋರಿಸು" ಎಂದಳು.

ಈ ಸಲ ಮಗಳ ಅಂಗಡಿ ಬೇರೆ ಥರ ನಡೆಯಿತು. ಚೆಂದದ್ದು ಬೇಡ, ತಾನಾಗಿ ದಾರಿ ತೋರಿಸುವ ಬಾಣ ಬೇಡ, ಓದಿ ಹೇಳುವ ದನಿಯೂ ಬೇಡ. ಕೊನೆಗೆ ಸಿಕ್ಕಿದ್ದು ಕಣ್ಣಿಗೆ ಅಷ್ಟೇನೂ ಹಿಡಿಸದ, ಕೆಲಸದ ಪಟ್ಟಿಯ ಒಂದು ಬೂದು ಪೆಟ್ಟಿಗೆ. ಆದರೆ ಪರದೆಯ ಮೇಲೆ ಎಲ್ಲಿಗೆ ಬೇಕಾದರೂ ಎಳೆಯಬಹುದು, ಅದರ ಎಡ ಅಂಚಿಗೆ ದಪ್ಪ ಕೆಂಪು ಗೆರೆ ಹಾಕಬಹುದು. ಕೆಂಪು ಕಾಣುವವರೆಗೂ ಕಣ್ಣು ಹೋಗಬೇಕು ಅನ್ನುವುದೇ ನಿಯಮ. "ಒಂದೇ ಸಲ ಎಳೆದುಬಿಡಬೇಡ ಅಮ್ಮ, ದಿನಾ ಒಂದು ಬೆರಳಗಲ" ಎಂದಳು ಮಗಳು. ಶುಭಾ ಅವತ್ತೇ ಲೋಟವನ್ನು ಎಡಕ್ಕಿಟ್ಟಳು. ಕುರ್ಚಿಯನ್ನು ಮೇಜಿಗೆ ಸೇರಿಸಿ ತಾನೂ ಸೋಫಾದ ಎಡಗಡೆಗೆ, ತನ್ನ ಹಳೆಯ ಜಾಗಕ್ಕೆ ವಾಪಸಾದಳು.

ಅಯ್ಯೋ, ಆಮೇಲಿನ ದಿನಗಳ ಪಾಡು ಯಾರಿಗೂ ಬೇಡ. ಪಟ್ಟಿ ಪರದೆಯ ನಡು ದಾಟಿ ಎಡಕ್ಕೆ ಕಾಲಿಟ್ಟಿದ್ದೇ ತಡ, ದಿವಾಕರ ರೇಗತೊಡಗಿದ. "ನನ್ನ ಕೆಲಸ ಎಲ್ಲಿ ಹೋಯ್ತು? ಯಾರೋ ಕಿತ್ತುಹಾಕಿದ್ದಾರೆ! ಮಾಳವಿಕಾಗೆ ಹೇಳು, ಇದು ಸರಿಯಿಲ್ಲ ಅಂತ."

"ಎಡಕ್ಕೆ ನೋಡಿ ರೀ. ಕೆಂಪು ಗೆರೆ ಹುಡುಕಿ."

"ನೋಡಿದೆ. ಏನಿಲ್ಲ ಅಲ್ಲಿ."

"ಇನ್ನೂ ಎಡಕ್ಕೆ."

"ಇನ್ನೂ ಎಡಕ್ಕೆ ಅಂದ್ರೆ ಗೋಡೆ ಇದೆ ಕಣೇ!" ಎಂದು ಮೌಸ್ ಕುಕ್ಕಿ ಎದ್ದುಹೋಗುತ್ತಿದ್ದ, ಹೋಗುವಾಗ ಬಾಗಿಲಿಗೆ ಢಕ್. ಹಳೆಯ ಆಡ್-ಆನ್ ವಾಪಸ್ ಹಾಕಿಬಿಡೋಣ ಅಂತ ಶುಭಾಗೆ ಎಷ್ಟು ಸಲ ಅನ್ನಿಸಿತೋ. ಕೈ ಅಲ್ಲಿಯವರೆಗೂ ಹೋಗುತ್ತಿತ್ತು. ವ್ಯಾನಿನ ಬ್ರೇಕ್ ಸದ್ದು ನೆನಪಾಗಿ ಕೈ ಹಿಂದಕ್ಕೆ ಬರುತ್ತಿತ್ತು.

ಅದೆಲ್ಲಕ್ಕಿಂತ ಕಷ್ಟವಾದದ್ದು ಒಂದು ಭಾನುವಾರ. ಮಾಳವಿಕಾ ವಿಡಿಯೋ ಕಾಲ್ ಮಾಡಿದ್ದಳು. ಟ್ಯಾಬ್ಲೆಟ್ ಎದುರು ಅಪ್ಪ, ಅವನ ಎಡಗಡೆ ಸೀರೆ ನೆರಿಗೆ ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಅಮ್ಮ. ಇಬ್ಬರೂ ಮಗಳಿಗೆ ಕಾಣುತ್ತಿದ್ದರು.

"ನಿಮ್ಮಮ್ಮ ಈಗೀಗ ನನ್ನ ಹತ್ತಿರ ಕೂರೋದೇ ಇಲ್ಲ ಮಗಳೇ" ಎಂದ ದಿವಾಕರ, ಗುಟ್ಟು ಹೇಳುವವನ ಹಾಗೆ ದನಿ ತಗ್ಗಿಸಿ. "ಮೊದಲು ಕುರ್ಚಿ ಹಾಕ್ಕೊಂಡು ಕೂರೋಳು. ಈಗ ಅದೂ ಇಲ್ಲ. ಬೇಜಾರು ಬಂದಿರಬೇಕು ಪಾಪ. ಮುದುಕ ರೋಗಿ ಪಕ್ಕ ಎಷ್ಟು ಹೊತ್ತು ಅಂತ ಕೂರ್ತಾಳೆ?"

ಲೆಮಿಂಗ್ಟನ್‌ನಲ್ಲಿ ಮಾಳವಿಕಾ ಬಾಯಿಗೆ ಕೈ ಅಡ್ಡ ಹಿಡಿದಳು. "ಇಲ್ಲೇ ಇದೀನಲ್ರೀ" ಎಂದಳು ಶುಭಾ.

ದಿವಾಕರ ಬಲಕ್ಕೆ ತಿರುಗಿದ. ಖಾಲಿ ಜಾಗವನ್ನೂ ಅದರಾಚೆಯ ಅಡುಗೆಮನೆ ಬಾಗಿಲನ್ನೂ ನೋಡಿದ. "ಕೇಳಿದೆಯಾ? ಅಲ್ಲಿಂದಲೇ ಕೂಗ್ತಾಳೆ. ಬಂದು ಕೂರು ಅಂದ್ರೆ ಬರಲ್ಲ."

ಎದ್ದು ಬಲಗಡೆಗೆ ಹೋಗುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಅಲ್ಲಿ ಕೂತು ಅವನ ಕೈ ಹಿಡಿದು, ಹುಚ್ಚಪ್ಪಾ, ನಿಮ್ಮನ್ನು ಬಿಟ್ಟು ಎಲ್ಲಿಗೆ ಹೋಗಲಿ ಎಂದುಬಿಡಬಹುದಿತ್ತು. ಶುಭಾ ಸೋಫಾದ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತೇ ಇದ್ದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಮಗಳಿಗೆ ಕಾಣುತ್ತಿತ್ತು, ಪಕ್ಕದಲ್ಲಿದ್ದವನಿಗೆ ಕಾಣುತ್ತಿರಲಿಲ್ಲ.

ದಿನಾ ಒಂದು ಬೆರಳು ಎಡಕ್ಕೆ. ಅವನಿಗೆ ಸುಸ್ತಾದ ದಿನ ಎರಡು ಬೆರಳು ಹಿಂದಕ್ಕೆ, ಮಾರನೆಯ ದಿನ ಮತ್ತೆ ಮುಂದಕ್ಕೆ. ಬಯ್ಗುಳ ಮೆಲ್ಲಗೆ ಕಮ್ಮಿಯಾಯಿತು. ಒಂದು ದಿನ ತಾನೇ, "ಕೆಂಪು ಎಲ್ಲಿ, ಕೆಂಪು ಎಲ್ಲಿ" ಎಂದು ಗೊಣಗುತ್ತ ಕತ್ತು ತಿರುಗಿಸಿದ್ದು ಕಂಡು ಶುಭಾ ಉಸಿರು ಬಿಗಿಹಿಡಿದಳು. ಮತ್ತೊಂದು ದಿನ ತಟ್ಟೆಯಲ್ಲಿದ್ದ ಚಪಾತಿ ಪೂರ್ತಿ ಖಾಲಿಯಾಗಿತ್ತು. ಬಾಗಿಲು ಮಾತ್ರ ಇನ್ನೂ ಢಕ್ ಅನ್ನುತ್ತಲೇ ಇತ್ತು.

ಪೆಟ್ಟಿಗೆ ಪರದೆಯ ಎಡತುದಿಗೆ ಹೋಗಿ ಅಂಟಿಕೊಂಡ ಮೇಲೆ ಇನ್ನು ಸರಿಸಲು ಜಾಗವೇ ಉಳಿಯಲಿಲ್ಲ. ಅವತ್ತು ಮಧ್ಯಾಹ್ನ ಶುಭಾ ಕೋಡುಬಳೆ ಕರಿದಿದ್ದಳು. ಸ್ಟೀಲ್ ತಟ್ಟೆ ತೊಡೆಯ ಮೇಲಿಟ್ಟುಕೊಂಡು, ತನ್ನ ಜಾಗದಲ್ಲಿ ಕೂತು, ಕಟುಂ ಕುಟುಂ ಎಂದು ತಿನ್ನುತ್ತ ಆಟ ನೋಡುತ್ತಿದ್ದಳು. ದೇವೇಂದ್ರಪ್ಪನಿಗೆ ಹೊಸ ಕೆಲಸ ಬಂದಿತ್ತು. ದಿವಾಕರ ಕತ್ತು ತಿರುಗಿಸಿದ. ಕೆಂಪು ಗೆರೆ ಹಿಡಿದ. ಅಲ್ಲಿಂದ ಮೊದಲುಮಾಡಿ ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿದ: "ಹೊಳೆ ದಾಟಿ, ಜ್ವರದಲ್ಲಿ ಮಲಗಿರುವ ಮುದುಕಿಗೆ ಈ ಕಷಾಯ ಕೊಟ್ಟು ಬಾ." ಓದಿ ಮುಗಿದರೂ ಕತ್ತು ವಾಪಸ್ ಬರಲಿಲ್ಲ. ಪರದೆ ಮುಗಿದಿತ್ತು, ಆದರೆ ಕಣ್ಣು ಮುಗಿಯಲಿಲ್ಲ. ಪರದೆಯಾಚೆಯ ಕಿಟಕಿಗೆ ಹೋಯಿತು. ಕಿಟಕಿಯಿಂದ ಇಳಿದು ಸೋಫಾದ ಕೈಗೆ, ಸೋಫಾದ ಕೈಯಿಂದ ತಟ್ಟೆಗೆ, ತಟ್ಟೆಯಿಂದ ಬಳೆಗೆ, ಬಳೆಯಿಂದ ಮುಖಕ್ಕೆ.

"ಎಲಾ ಕಳ್ಳಿ!" ಎಂದ ದಿವಾಕರ. "ಒಬ್ಬಳೇ ಕೂತು ತಿಂತಿದೀಯಲ್ಲೇ!"

ಶುಭಾಳ ಬಾಯಲ್ಲಿದ್ದ ಕೋಡುಬಳೆ ಹಾಗೇ ನಿಂತಿತು.

"ಯಾವಾಗ ಬಂದೆ?" ಎಂದು ಕೇಳಿದ. ಸಿಟ್ಟಿರಲಿಲ್ಲ ದನಿಯಲ್ಲಿ. ದೂರದ ಊರಿಗೆ ಹೋದವಳು ಹೇಳದೆ ಕೇಳದೆ ಬಾಗಿಲಲ್ಲಿ ನಿಂತರೆ ಆಗುತ್ತದಲ್ಲ, ಆ ಸಂತೋಷ.

"ಈಗಷ್ಟೇ ಬಂದೆ ರೀ" ಎಂದಳು ಅವಳು.

ಅವನ ಬಲಗೈ ಮೈದಾಟಿ ಎಡಕ್ಕೆ ಬಂತು, ತಡವರಿಸಿತು, ಒಂದು ಕೋಡುಬಳೆ ಎತ್ತಿಕೊಂಡಿತು. ತಿಂದು, ಖಾರ ಹದವಾಗಿದೆ ಎಂದು ತಲೆಯಾಡಿಸಿದ. ಇನ್ನೊಂದಕ್ಕೆ ಕೈ ಚಾಚಿದ. ಶುಭಾ ಕಣ್ಣೊರೆಸಿಕೊಳ್ಳಲೂ ಇಲ್ಲ. ಅವನು ನೋಡುತ್ತಿದ್ದ ಹಾಗೆಯೇ ತಟ್ಟೆಯನ್ನು ಇನ್ನೊಂದು ಬೆರಳು ಎಡಕ್ಕೆ ಸರಿಸಿದಳು.