ಕಣ್ಣಿಗೊತ್ತಿಕೊಂಡ ಆನೆ

ಚೆಸ್ ಆಟ ನನಗೆ ಬರುವುದಿಲ್ಲ. ಆನೆ ನೇರ ಹೋಗುತ್ತದೆ, ಕುದುರೆ ಹಾರುತ್ತದೆ, ರಾಜ ಸಿಕ್ಕಿಬಿದ್ದರೆ ಆಟ ಮುಗಿಯಿತು, ಇಷ್ಟು ಗೊತ್ತು. ನನಗೆ ಬರುವುದು ರೊಟ್ಟಿ ಬಡಿಯುವುದು. ಹೈದರಾಬಾದಿನ ಜೀಡಿಮೆಟ್ಲಾದ ಔಷಧಿ ಕಂಪನಿಗಳಲ್ಲಿ ದುಡಿಯುವ ಬೀದರ, ಕಲಬುರಗಿ, ಯಾದಗಿರಿ ಕಡೆಯ ಹುಡುಗರು ನಮ್ಮ ಖಾನಾವಳಿಗೇ ಊಟಕ್ಕೆ ಬರುತ್ತಾರೆ. ನಮ್ಮ ಯಜಮಾನರು ಮಲ್ಲಣ್ಣ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದವರು. ಅವರು ನಿವೃತ್ತರಾದ ಮೇಲೆ ಕೆಳಗೆ ಖಾನಾವಳಿ ಹಾಕಿ, ಮೇಲಿನ ಕೋಣೆ ಬಾಡಿಗೆಗೆ ಬಿಟ್ಟೆವು.

ಆ ಕೋಣೆ ಕೇಳಿಕೊಂಡು ಒಂದು ಮಧ್ಯಾಹ್ನ ತಸ್ನೀಮ್ ಬಂದಳು. ಸುಡಾನ್ ದೇಶದ ಹುಡುಗಿ, ಬಿ.ಫಾರ್ಮ ಓದಲು ಹೈದರಾಬಾದಿಗೆ ಬಂದಿದ್ದಳು. ಬಾಗಿಲ ಎತ್ತರಕ್ಕಿದ್ದಳು, ತಲೆಗೆ ಹಳದಿ ಸ್ಕಾರ್ಫು. ನಮ್ಮ ಓಣಿಯಲ್ಲಿ ಆಗಲೇ ನಾಲ್ಕಾರು ಮನೆಯವರು ಅವಳಿಗೆ ಇಲ್ಲ ಅಂದು ಕಳಿಸಿದ್ದರು. ನಾನೂ ಇಲ್ಲ ಅನ್ನುವ ವಿಚಾರದಲ್ಲೇ ಇದ್ದೆ. ಆದರೆ ಊಟದ ಹೊತ್ತು, ಬಿಸಿಲಲ್ಲಿ ತಿರುಗಿ ಮುಖ ಬಾಡಿತ್ತು. ಮೊದಲು ಊಟ ಮಾಡು, ಆಮೇಲೆ ಮಾತು ಅಂದೆ. ರೊಟ್ಟಿ ಮುರಿಯುವಾಗ ಒಂದು ತುಂಡು ಕೈಜಾರಿ ನೆಲಕ್ಕೆ ಬಿತ್ತು. ಅವಳು ಬಗ್ಗಿ ಎತ್ತಿ, ತುಟಿಗೆ ತಾಗಿಸಿ, ಹಣೆಗೆ ಒತ್ತಿಕೊಂಡು ತಟ್ಟೆಯ ಅಂಚಿಗಿಟ್ಟಳು.

ಯಾರು ಕಲಿಸಿದರು ಇದನ್ನು ಎಂದು ಹಿಂದಿಯಲ್ಲಿ ಕೇಳಿದೆ.

"ನಮ್ಮಜ್ಜಿ. ತಿನ್ನುವ ವಸ್ತು ಕಾಲಡಿ ಬೀಳಬಾರದು" ಎಂದು ಸಿನಿಮಾ ನೋಡಿ ಕಲಿತ ಹಿಂದಿಯಲ್ಲಿ ಹೇಳಿದಳು.

ನನ್ನ ಅಜ್ಜಿ ಆಳಂದದ ಹತ್ತಿರದ ಹಳ್ಳಿಯಲ್ಲಿ ಕೂತು ಇದನ್ನೇ ಹೇಳುತ್ತಿದ್ದಳು. ಕೀಲಿ ಕೊಟ್ಟುಬಿಟ್ಟೆ.

ಅವಳು ನನ್ನನ್ನು ಖಾಲಾ ಎಂದು ಕರೆಯತೊಡಗಿದಳು. ಚಿಕ್ಕಮ್ಮನಿಗೆ ಅವರ ಭಾಷೆಯಲ್ಲೂ ಹಾಗೇ ಅನ್ನುತ್ತಾರಂತೆ, ಇಲ್ಲಿಯ ಉರ್ದುವಿನಲ್ಲೂ ಹಾಗೇ. ಹುಡುಗರ ನಡುವೆ ಕೂತು ಉಣ್ಣುತ್ತಾ ವರ್ಷದೊಳಗೆ ನಮ್ಮ ಖಾನಾವಳಿಯ ಕನ್ನಡ ಕಲಿತುಬಿಟ್ಟಳು. ನಾನೂ ಸುಮ್ಮನಿರುವ ಹೆಂಗಸಲ್ಲ. ಒಂದು ದಿನ ಅವಳು ಕೋಣೆಯಲ್ಲಿ ಒಬ್ಬಳೇ ಚೆಸ್ ಆಡುವಾಗ ಕಾಯಿಯೊಂದು ನೆಲದಲ್ಲಿ ಉರುಳಿ ಅವಳ ಕಾಲಿಗೆ ಬಡಿಯಿತು. ಅವಳು ಕಾಲಿನಿಂದಲೇ ಬದಿಗೆ ಸರಿಸಿದಳು. ನಾನು ಬೈದೆ.

"ಅದರಾಗ ನಿನ್ನ ವಿದ್ಯಾ ಐತಿ. ಕಾಲು ತಾಗಿದ್ರ ಕಣ್ಣಿಗೆ ಒತ್ತಿಕೋಬೇಕು."

"ರೊಟ್ಟಿ ಹಂಗ?"

"ರೊಟ್ಟಿ ಹಂಗ."

ಅಂದಿನಿಂದ ಪುಸ್ತಕ, ಪೆನ್ನು, ಮೊರ, ಯಾವುದಕ್ಕೆ ಕಾಲು ತಾಗಿದರೂ ಕಣ್ಣಿಗೊತ್ತಿಕೊಳ್ಳುವುದು ಅವಳಿಗೆ ರೂಢಿಯಾಯಿತು. ಪಟಾನ್‌ಚೆರುವಿನ ಕಂಪನಿಗೆ ಹೋಗುವ ನಮ್ಮ ಗಿರಾಕಿ ಮೌನಪ್ಪ ನಗುತ್ತಿದ್ದ. "ಅಕ್ಕಾರ, ಈಕಿ ಮೊಬೈಲ್ ಚಾರ್ಜರಿಗೂ ನಮಸ್ಕಾರ ಮಾಡ್ತಾಳ್ರಿ! ನಾಳೆ ನನ್ನ ಚಪ್ಪಲಿಗೂ ಮಾಡ್ತಾಳ."

"ನಿನ್ನ ಚಪ್ಪಲಿ ನಾನ ಎತ್ತಿ ಹೊರಗ ಒಗಿತೀನಿ, ಬಾಗಿಲಾಗ ಬಿಡಬ್ಯಾಡ" ಅನ್ನುತ್ತಿದ್ದೆ.

ಅವಳಿಗೆ ಆಟ ಕಲಿಸಿದವರು ಅವಳ ಅಪ್ಪ. ಒಮ್ದುರ್ಮಾನ್ ಎಂಬ ಊರಿನಲ್ಲಿ ಮಕ್ಕಳಿಗೆ ಚೆಸ್ ಹೇಳಿಕೊಡುತ್ತಿದ್ದರು. ಅವಳು ಇಲ್ಲಿಗೆ ಬಂದ ಹೊಸದರಲ್ಲಿ ದಿನಾ ಸಂಜೆ ಫೋನ್. ಅವಳು ಆಡಿದ ಆಟ ಹೇಳುವುದು, ಅವರು ಒಂದೊಂದು ನಡೆಗೂ ಬೈಯುವುದು. ಭಾಷೆ ತಿಳಿಯದಿದ್ದರೂ ಬೈಗುಳ ಅಂತ ನನಗೆ ಕೆಳಗಿನಿಂದಲೇ ತಿಳಿಯುತ್ತಿತ್ತು. ಅವಳ ದೇಶದ ಹೆಂಗಸರ ನ್ಯಾಷನಲ್ ಪಂದ್ಯದಲ್ಲಿ ಮಗಳನ್ನು ಗೆಲ್ಲಿಸಬೇಕೆಂಬುದು ಅವರ ಆಸೆ. ಅಷ್ಟರಲ್ಲಿ ಅಲ್ಲಿ ಯುದ್ಧ ಬಂತು. ಮನೆ ಹೋಯಿತು, ಕಲಿಯುವ ಮಕ್ಕಳು ದಿಕ್ಕಿಗೊಬ್ಬರಾದರು. ಅಪ್ಪ ಹೇಗೋ ಕೈರೋ ಮುಟ್ಟಿ ತಮ್ಮನ ಮನೆ ಸೇರಿದರು. ಚೆಸ್ ಹಲಗೆಯನ್ನು ಬಟ್ಟೆಯಲ್ಲಿ ಕಟ್ಟಿಟ್ಟವರು ಮತ್ತೆ ಬಿಚ್ಚಲಿಲ್ಲ. ಆಮೇಲಿನ ಫೋನುಗಳೆಲ್ಲ ಚಿಕ್ಕವು. ಊಟ ಆಯ್ತಾ, ಓದು ನಡೆದಿದೆಯಾ, ಅಷ್ಟೇ.

"ಬಾಬಾ ನನಗ ಬೈಯೂದು ಬಿಟ್ಟಾರ ಖಾಲಾ" ಎಂದು ಒಂದು ದಿನ ಹೇಳಿದಳು. ಅವಳು ಅತ್ತದ್ದನ್ನು ನಾನು ಮೊದಲು ನೋಡಿದ್ದು ಅವತ್ತೇ.

ಈ ವರ್ಷ ಕಾಲೇಜು ಹುಡುಗಿಯರ ರಾಷ್ಟ್ರೀಯ ಚೆಸ್ ಪಂದ್ಯ ಹೈದರಾಬಾದಿನಲ್ಲೇ ನಡೆಯಿತು. ಇಲ್ಲಿಯ ಕಾಲೇಜಿನಲ್ಲಿ ಓದುವ ಪರದೇಶದವರೂ ಆಡಬಹುದು, ಗೆದ್ದರೆ ಬಿರುದು ಅವರದೇ ಎಂದು ನಿಯಮವಿತ್ತು. ತಸ್ನೀಮ್ ಹೆಸರು ಕೊಟ್ಟಳು.

"ನಮ್ಮ ಕಡೆ ಈಗ ನ್ಯಾಷನಲ್ ಇಲ್ಲ. ಯಾವ ದೇಶದ್ದಾದ್ರೇನು, ನ್ಯಾಷನಲ್ ಗೆದ್ದೆ ಅಂತ ಬಾಬಾಗ ಒಂದ ಸಲ ಹೇಳಬೇಕು. ಅವರು ಹಲಗಿ ಬಿಚ್ಚಬೇಕು."

ಒಂದೊಂದೇ ಸುತ್ತು ಗೆಲ್ಲುತ್ತಾ ಕೊನೆಯ ದಿನಕ್ಕೆ ಬಂದಾಗ ಎರಡನೆಯವಳಿಗಿಂತ ಅರ್ಧ ಪಾಯಿಂಟ್ ಮುಂದಿದ್ದಳು, ಉಳಿದವರೆಲ್ಲ ಇನ್ನೂ ಹಿಂದೆ. ಕೊನೆಯ ಆಟ ಡ್ರಾ ಆದರೂ ಬಿರುದು ಅವಳಿಗೆ. ಎದುರಾಳಿ ಮಾತ್ರ ಗೆಲ್ಲಲೇಬೇಕು. ಆ ಎರಡನೆಯವಳೇ ಎದುರಾಳಿ, ಧಾರವಾಡದ ಶ್ರೀವಿದ್ಯಾ.

ಅಬಿಡ್ಸ್ ಹತ್ತಿರದ ಫಂಕ್ಷನ್ ಹಾಲಿಗೆ ನಾನು, ಮಲ್ಲಣ್ಣ, ರಜೆ ಹಾಕಿದ ಮೌನಪ್ಪ ಹೋದೆವು. ಬಾಗಿಲಲ್ಲೇ ಫೋನ್ ಕಸಿದುಕೊಂಡು ಹಗ್ಗದ ಈಚೆ ಕುರ್ಚಿಗಳಲ್ಲಿ ಕೂಡಿಸಿದರು. ಮೌನಪ್ಪನಿಗೆ ಅಲ್ಲಿಯೂ ಬಾಯಿ ಸುಮ್ಮನಿರಲಿಲ್ಲ.

"ಅಕ್ಕಾರ, ಆ ಕಡೆಯಾಕಿ ನಮ್ಮ ಧಾರವಾಡದಾಕಿರಿ. ನಾವು ಯಾರ ಕಡೆ?"

"ನನ್ನ ರೊಟ್ಟಿ ತಿಂದಾಕಿ ಕಡೆ."

"ನಾನೂ ತಿಂತೀನಲ್ರಿ."

"ತಿಂತಿ, ಆದ್ರ ಬಾಯಿ ಮುಚ್ಚಂಗಿಲ್ಲ."

ನನ್ನ ಪಕ್ಕದಲ್ಲಿ ಕೂತವರು ಶ್ರೀವಿದ್ಯಾಳ ತಂದೆ ಮಹೇಶಕುಮಾರ. ಕನ್ನಡ ಕೇಳಿ ಮುಖ ಅರಳಿತು. "ನೀವು ಯಾರ ಮನಿಯವ್ರರಿ?"

"ಆ ಹಳದಿ ಸ್ಕಾರ್ಫಿನಾಕಿ ನಮ್ಮ ಹುಡುಗಿರಿ" ಅಂದೆ. ಅವರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ಹಲಗೆಯ ಕಡೆ ತಿರುಗಿ ಕೂತರು.

ಆಟ ಬಹಳ ಹೊತ್ತು ಎಳೆಯಿತು. ಸಂಜೆ ಹೊತ್ತಿಗೆ ತಸ್ನೀಮಳ ಗಡಿಯಾರದಲ್ಲಿ ಸಮಯ ಕಡಿಮೆಯಾಗಿತ್ತು. ಅವಳ ನಡೆಯ ಸರದಿ. ನೀರಿನ ಬಾಟಲಿಗೆ ಕೈ ಚಾಚಿದಳು. ಸ್ಕಾರ್ಫಿನ ಸೆರಗು ಸಿಕ್ಕಿ ಅವಳದೇ ಆನೆ ಉರುಳಿ, ಮೇಜಿನ ಕೆಳಗೆ ಬಿದ್ದು, ಶ್ರೀವಿದ್ಯಾಳ ಬೂಟಿಗೆ ಬಡಿಯಿತು. ತಸ್ನೀಮ್ ಬಗ್ಗಿ ಅದನ್ನು ಎತ್ತಿದಳು. ಎರಡೂ ಕಣ್ಣಿಗೆ ಒತ್ತಿಕೊಂಡಳು. ಕಣ್ಣು ಮುಚ್ಚಿ ಒಂದು ಗಳಿಗೆ ಹಾಗೇ ಇದ್ದು, ಆನೆಯನ್ನು ಅದರ ಮನೆಯಲ್ಲೇ ಇಟ್ಟು, ಕುದುರೆಯ ಕಡೆ ಕೈ ಒಯ್ದಳು.

ಮಹೇಶಕುಮಾರ ಎದ್ದು ನಿಂತರು. "ಟಚ್! ಮೇಡಂ, ಆನಿ ಕೈಯಾಗ ತಗೊಂಡಾಳ. ಆನಿನ ನಡಸಬೇಕು!"

ಹಾಲ್ ಪೂರ್ತಿ ಇತ್ತ ತಿರುಗಿತು. ಮಲ್ಲಣ್ಣನಿಗೆ ತಸ್ನೀಮ್ ಒಂದಿಷ್ಟು ಆಟ ಕಲಿಸಿದ್ದಳು. ಅವರು ನನ್ನ ಕಿವಿಯಲ್ಲಿ ಹೇಳಿದರು. "ಪಂದ್ಯದಾಗ ಆಡೂ ಮನಸ್ಸಿಲೆ ಯಾವ ಕಾಯಿ ಮುಟ್ತೀರೋ ಅದನ್ನ ನಡಸಬೇಕು. ತಾನಾಗಿ ಬಿದ್ದದ್ದು ಎತ್ತಿಟ್ಟರ ಲೆಕ್ಕಿಲ್ಲ. ಈಕಿ ಹಿಡಕೊಂಡು ಕಣ್ಣು ಮುಚ್ಚಿಬಿಟ್ಟಳಲ್ಲ. ಆ ಆನಿ ಸರಿದ್ರ ರಾಜನ ಬಾಗಿಲ ತೆರದಂಗ. ಆಟ ಹೋತು."

ಆ ಕಣ್ಣಿಗೊತ್ತಿಕೊಳ್ಳುವುದು ನಾನು ಬೈದು ಕಲಿಸಿದ್ದು.

ತೀರ್ಪುಗಾರ್ತಿ ಸುಮತಿ ಮೇಡಂ ಬಂದು ಗಡಿಯಾರ ನಿಲ್ಲಿಸಿದರು. ಮೊದಲು ಹಗ್ಗದ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದರು. "ನೋಡುವವರು ಮಾತಾಡುವ ಹಾಗಿಲ್ಲ. ಇನ್ನೊಂದು ಸಲ ಬಾಯಿ ಬಿಟ್ಟರೆ ಹೊರಗೆ. ಕೇಳುವ ಹಕ್ಕು ಆಡುವವರಿಗೆ ಮಾತ್ರ." ಆಮೇಲೆ ತಸ್ನೀಮಳನ್ನು, ಏನಾಯಿತು, ಕಾಯಿ ಯಾಕೆ ಹಿಡಿದುಕೊಂಡೆ ಎಂದು ಕೇಳಿದರು.

"ಬಿತ್ತು. ಕಾಲಿಗೆ ತಾಗಿತು. ಅದಕ್ಕೆ..." ಎಂದು ತಸ್ನೀಮ್ ಎರಡು ಕೈ ಕಣ್ಣಿನ ತನಕ ತಂದು ಇಳಿಸಿದಳು.

"ಸುಳ್ಳು" ಎಂದು ಮಹೇಶಕುಮಾರ ಹಲ್ಲು ಕಚ್ಚಿ ನನಗೆ ಕೇಳುವಷ್ಟೇ ಅಂದರು. "ಆಕಿ ಎಲ್ಲಿಯಾಕಿ, ಆಕಿಗೇನ ಗೊತ್ತೈತ್ರಿ ಈ ನಮಸ್ಕಾರ? ಕಣ್ಣು ಮುಚ್ಚಿ ವಿಚಾರ ಮಾಡಿ, ಬ್ಯಾಡಾಗಿ ಇಟ್ಟಾಳ."

"ನಾನ ಕಲಿಸೀನ್ರಿ" ಅಂದೆ ಮೆಲ್ಲಗೆ. "ಮೂರು ವರ್ಷಾತು ನಮ್ಮನ್ಯಾಗ ಅದಾಳ. ನಿಮ್ಮ ಮಗಳಿಗೆ ನೀವು ಕಲಿಸಿಲ್ಲೇನು?"

ಅವರು ಮಗಳ ಕಡೆ ಮುಖ ತಿರುಗಿಸಿದರು.

ಸುಮತಿ ಮೇಡಂ ಶ್ರೀವಿದ್ಯಾಳ ಕಡೆ ತಿರುಗಿದರು. "ನೀನು ಆಡುತ್ತಿರುವವಳು, ನೀನು ಹೇಳು. ಟಚ್ ಅಂತ ಕೇಳುತ್ತೀಯಾ?"

ಆ ಹುಡುಗಿಯ ಸ್ಥಿತಿ ನನಗೆ ಅರ್ಥವಾಯಿತು. ಹೌದು ಅಂದರೆ ಮೇಡಂ ವಿಚಾರಿಸಬೇಕಾಗುತ್ತದೆ, ಒಪ್ಪಿದರೆ ಆಟ ಗೆದ್ದ ಹಾಗೇ. ಇಲ್ಲ ಅಂದರೆ ಇಷ್ಟು ದಿನದ ಓಡಾಟ ನೀರಿಗೆ ಹೋದರೂ ಹೋಯಿತು. ಹಿಂದೆ ಅಪ್ಪ ನಿಂತೇ ಇದ್ದಾರೆ. ಅವಳು ಅಪ್ಪನನ್ನು ನೋಡಲಿಲ್ಲ. ಹಲಗೆಯನ್ನೂ ನೋಡಲಿಲ್ಲ. ತಸ್ನೀಮಳ ಕೈಗಳನ್ನೇ ನೋಡುತ್ತಿದ್ದಳು.

"ಇಲ್ಲ ಮೇಡಂ" ಎಂದಳು. "ಕಾಯಿ ನನ್ನ ಬೂಟಿಗೆ ಬಡೀತು. ಇವಳು ಎತ್ತದಿದ್ದರೆ ನಾನು ಎತ್ತಿ ಹೀಗೇ ಮಾಡುತ್ತಿದ್ದೆ. ಬೂಟು ತಾಗಿದ್ದಕ್ಕೆ ನಾನಾಗಲೇ ಮೇಜಿನ ಕೆಳಗೆ ಕೈ ಮುಗಿದಿದ್ದೇನೆ, ಯಾರೂ ನೋಡಲಿಲ್ಲ." ಆಮೇಲೆ ಅಪ್ಪನ ಕಡೆ ತಿರುಗಿ ಕನ್ನಡದಲ್ಲಿ ಅಂದಳು. "ಪಪ್ಪಾ, ಕೂಡ್ರಿ ನೀವು."

ಮಹೇಶಕುಮಾರ ಕೂತರು. ಕೂತ ಕುರ್ಚಿ ಗದ್ದಲದಲ್ಲಿ ಎದ್ದು ನಿಂತಿದ್ದ ಮೌನಪ್ಪನದಾಗಿತ್ತು, ಅವನು ನಿಂತೇ ನೋಡಬೇಕಾಯಿತು.

ಆಟ ಮುಂದುವರಿಯಿತು. ಶ್ರೀವಿದ್ಯಾ ಬಿಟ್ಟುಕೊಟ್ಟಳು ಅಂದುಕೊಳ್ಳಬೇಡಿ, ಗೆಲ್ಲಲೇಬೇಕೆಂದು ಮುಗಿಬಿದ್ದು ಆಡಿದಳು. ಒಂದೊಂದೇ ಕಾಯಿ ಹಲಗೆಯಿಂದ ಇಳಿದು, ಕೊನೆಗೆ ಇಬ್ಬರು ರಾಜರು ಮತ್ತು ಯಾರ ಕೆಲಸಕ್ಕೂ ಬಾರದ ಎರಡು ಕಾಯಿ ಉಳಿದವು. ಇಬ್ಬರೂ ಕೈ ಕುಲುಕಿದರು. ಡ್ರಾ.

"ಮುಗೀತೇನ್ರಿ? ಯಾರು ಗೆದ್ರು?" ಎಂದು ಮಲ್ಲಣ್ಣನ ತೋಳು ಹಿಡಿದು ಅಲುಗಿಸಿದೆ.

"ನಿನ್ನ ರೊಟ್ಟಿ ತಿಂದಾಕಿ" ಅಂದರು. ಕಣ್ಣು ಒರೆಸಿಕೊಳ್ಳುತ್ತಿದ್ದರು, ಧೂಳು ಅಂದರು.

ಬಹುಮಾನ ಕೊಡುವಾಗ ಒಬ್ಬೊಬ್ಬರ ಹೆಸರಿನ ಜೊತೆ ಅವರ ರಾಜ್ಯದ ಹೆಸರು ಕೂಗುತ್ತಿದ್ದರು. ತಸ್ನೀಮಳ ಸರದಿ ಬಂದಾಗ ಮೈಕ್ ಹಿಡಿದವನು ತಡವರಿಸಿ, ತೆಲಂಗಾಣ ಅಂದ, ಆಮೇಲೆ ಸುಡಾನ್ ಅಂದ. ಎರಡಕ್ಕೂ ಚಪ್ಪಾಳೆ ಬಿತ್ತು. ಮೌನಪ್ಪನ ಶಿಳ್ಳೆ ಎಲ್ಲಕ್ಕಿಂತ ಮೇಲಿತ್ತು.

ಹೊರಗೆ ಮಹೇಶಕುಮಾರ ತಲೆ ತಗ್ಗಿಸಿ ನಿಂತಿದ್ದರು. ಮಗಳ ಮೇಲಿನ ಆಸೆ ಯಾರ ಬಾಯಿಂದ ಏನು ಆಡಿಸುತ್ತದೋ ಹೇಳಲಾಗದು. ದಿನಾ ಇಷ್ಟು ಮಂದಿಗೆ ಬಡಿಸುವವಳು ನಾನು, ಸಿಟ್ಟು ಇಟ್ಟುಕೊಂಡು ಕೂತರೆ ಖಾನಾವಳಿ ನಡೆಯುವುದಿಲ್ಲ.

"ನಿಮ್ಮ ಬಸ್ಸಿಗೆ ಇನ್ನೂ ಹೊತ್ತೈತಲ್ರಿ? ನಮ್ಮನಿಗೆ ಬರ್ರಿ, ಉಂಡು ಹೋಗೀರಂತ."

"ಅಕ್ಕಾರ, ನಾ ಹಂಗ ಅನ್ನಬಾರದಿತ್ತು..."

"ಪುಂಡಿಪಲ್ಯ ಐತ್ರಿ, ಶೇಂಗಾ ಹಿಂಡಿ ಐತಿ. ಆಮ್ಯಾಲ ಮಾತಾಡೋಣು."

ಎಲ್ಲರೂ ಮನೆಗೆ ಬಂದೆವು. ನಾನು ಬೆಂಕಿ ಹೊತ್ತಿಸಿ ಹೆಂಚು ಕಾಯಿಸುವಷ್ಟರಲ್ಲಿ ತಸ್ನೀಮ್ ಕೈರೋಗೆ ವಿಡಿಯೊ ಕರೆ ಮಾಡಿದ್ದಳು. ಊಟದ ಮೇಜಿನ ಮೇಲೆ ಕಪ್, ಅದಕ್ಕೆ ಒರಗಿಸಿ ಫೋನ್. ಅಪ್ಪನ ಮುಖ ಕಾಣಿಸಿತು, ಸೊರಗಿದ ಮುಖ. ಅವಳು ಒಂದೇ ವಾಕ್ಯ ಹೇಳಿದಳು. ಅವರು ಎದ್ದು ಎಲ್ಲೋ ಹೋದರು. ಖಾಲಿ ಗೋಡೆ ಮಾತ್ರ ಕಾಣಿಸುತ್ತಿತ್ತು. ತಸ್ನೀಮ್ ನನ್ನ ಕಡೆ ನೋಡಿದಳು. ನಾನು ಹಿಟ್ಟಿನ ಕೈಯಲ್ಲೇ ನಿಂತೆ.

ಅವರು ತಿರುಗಿ ಬಂದಾಗ ಕೈಯಲ್ಲೊಂದು ಬಟ್ಟೆಯ ಗಂಟಿತ್ತು. ಬಿಚ್ಚಿ, ಹಲಗೆ ಹಾಸಿ, ಕಾಯಿ ಜೋಡಿಸಿದರು. ಹೇಳು ಎಂದು ಕೈ ಮಾಡಿದರು.

ಶ್ರೀವಿದ್ಯಾ ತಸ್ನೀಮಳ ಪಕ್ಕ ಕುರ್ಚಿ ಎಳೆದುಕೊಂಡಳು. ತನ್ನ ನಡೆಯನ್ನು ಅವಳು, ತನ್ನದನ್ನು ಇವಳು, ಹೀಗೆ ಒಂದೊಂದಾಗಿ ಹೇಳುತ್ತಾ ಹೋದರು. ಅಲ್ಲಿ ಅವರು ಕಾಯಿ ನಡೆಸುತ್ತಾ ಹೋದರು. ಆನೆ ಬಿದ್ದ ಜಾಗ ಬಂದಾಗ ತಸ್ನೀಮ್ ನಿಲ್ಲಿಸಿ, ಅರಬಿಯಲ್ಲಿ ಎಲ್ಲಾ ವಿವರಿಸಿ, ಕಣ್ಣಿಗೊತ್ತಿಕೊಂಡು ತೋರಿಸಿ, ನನ್ನ ಕಡೆ ಬೆರಳು ಮಾಡಿದಳು. ಅವರು ನಕ್ಕರು. ಆಮೇಲೆ ಹಲಗೆಯ ಮೇಲಿದ್ದ ಆ ಆನೆಯನ್ನು ಎತ್ತಿ, ತುಟಿಗೆ ತಾಗಿಸಿ, ಹಣೆಗೆ ಒತ್ತಿಕೊಂಡು, ಮತ್ತೆ ಅಲ್ಲೇ ಇಟ್ಟರು. ಕೂಡಲೇ ಮುಖ ಗಂಟು ಹಾಕಿ, ಕುದುರೆಗೆ ಬೆರಳು ಕುಟ್ಟುತ್ತಾ ಜೋರು ದನಿಯಲ್ಲಿ ಏನೋ ಶುರು ಮಾಡಿದರು.

"ಏನಂತಾರ?" ಗಾಬರಿಯಾಗಿ ಕೇಳಿದೆ.

ತಸ್ನೀಮಳ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ನಗುತ್ತಿತ್ತು. "ಬೈಯಾಕತ್ತಾರ ಖಾಲಾ. ಕುದುರಿ ಯಾಕ ಆಡಿದಿ, ಗೆಲ್ಲೂ ಆಟ ಡ್ರಾ ಮಾಡಿಕೊಂಡೀ ಅಂತ ಬೈಯಾಕತ್ತಾರ."

ಊಟಕ್ಕೆ ಕರೆದರೆ ತಡ ಮಾಡುವವರನ್ನು ಕಂಡರೆ ನನಗಾಗದು. ಆದರೆ ಅವತ್ತು ಬಡಿದ ರೊಟ್ಟಿಗಳನ್ನು ಬಟ್ಟೆ ಮುಚ್ಚಿ ಬುಟ್ಟಿಯಲ್ಲಿಟ್ಟೆ. ಅವರು ಬೈದು ಮುಗಿಸಲಿ ಎಂದು ಕಾದೆ.