ಎಡಗಡೆ ಚೈನು

ಗೋಡೆಯ ಮೇಲೆ ಸೈಕಲ್ ತುಳಿಯುತ್ತಿದ್ದ ಫ್ರೆಂಚ್ ಹೆಂಗಸನ್ನು ನೋಡಿ ನನಗೆ ಹೇಸಿಗೆಯಾಯಿತು. ಅವಳ ಮೇಲಲ್ಲ, ಅಂಟಿಸಿದವನ ಮೇಲೆ. ಸೈಕಲ್ಲಿನ ಚೈನು ಎಡಗಡೆ ಇತ್ತು! ಚಳ್ಳಕೆರೆಯಲ್ಲಿ ಮೂವತ್ತೆಂಟು ವರ್ಷದಿಂದ ಸೈಕಲ್ ಷಾಪು ಇಟ್ಟಿದ್ದೇನೆ. ಇಂಥ ಅಪಸವ್ಯ ಕಂಡಿಲ್ಲ.

ಅಂಟಿಸಿದವನು ಗೋವರ್ಧನ, ನಾಯಕನಹಟ್ಟಿ ರೋಡಿನಲ್ಲಿ ಹೊಸದಾಗಿ ಕೆಫೆ ತೆರೆದವನು. ನೂರು ವರ್ಷ ಹಳೆಯ ಫ್ರೆಂಚ್ ಸೈಕಲ್ ಜಾಹೀರಾತುಗಳನ್ನು ಪ್ರಿಂಟ್ ಹಾಕಿಸಿ ಗೋಡೆ ತುಂಬ ಮೆತ್ತಿದ್ದ.

"ಚಿತ್ರ ಉಲ್ಟಾ ಐತಲ್ಲಪ್ಪ?" ಎಂದೆ.

ನಾಚಿಕೆಯಿಲ್ಲದೆ ನಕ್ಕ. "ಮೊದ್ಲು ಬಾಗ್ಲ ಕಡೆ ಹೊಂಟಂಗಿತ್ತು, ಬಾಷಾ ಸಾಬ್ರೇ. ಲಕ್ಷ್ಮಿ ಹೊರಗೆ ಹೋದಂಗೆ ಅಂದ್ಲು ಅವ್ವ. ಅದ್ಕೇ ತಿರುಗಿಸಿ ಹೊಡಿಸ್ದೆ. ಈಗ ಒಳಕ್ಕೆ ಬರ್ತಾಳೆ."

"ಅಕ್ಷರನೂ ತಿರುಗ್ಯಾವಲ್ಲ?"

"ಫ್ರೆಂಚ್ ಹಂಗೇ ಇರ್ತೈತೆ ಅನ್ಕೊಂತಾರೆ ಬಿಡ್ರಿ."

ಆ ಚಿತ್ರದ ಕೆಳಗೇ ನಮ್ಮ ಅಬ್ಬಾನ ಸೈಕಲ್ಲು ನಿಂತಿತ್ತು. ಸಿದ್ದಾಪುರದವರೆಗೂ ಅದನ್ನು ತುಳಿದು, ಹಳ್ಳಿಹಳ್ಳಿಗೆ ಬಳೆ ಮಾರಿ ನಮ್ಮನ್ನು ಸಾಕಿದವರು ಅವರು. ನಾಲ್ಕು ಜನ ನೋಡಲಿ ಎಂದು ಅಮ್ಮಿ ಹೇಳಿದ್ದಕ್ಕೆ ಕೊಟ್ಟಿದ್ದೆ, ಒಂದು ನಟ್ಟೂ ಮುಟ್ಟಬಾರದೆಂದು ಹೇಳಿಯೇ. ವಾರಕ್ಕೊಮ್ಮೆ ನಾನೇ ಬಂದು ಗಾಳಿ ಹೊಡೆಯುತ್ತಿದ್ದೆ.

"ನಿಮ್ ಸೈಕಲ್ದು ಚೈನು ಬಲಕ್ಕೈತೆ," ಎಂದ ಗೋವರ್ಧನ. "ಫೋಟೋ ತೆಗೆಯೋರು ಮ್ಯಾಚ್ ಆಗಲ್ಲ ಅಂತಾರೆ. ಎಡಕ್ಕೆ ಹಾಕ್ಕೊಡ್ರಿ."

"ಎಡಕ್ಕೆ ಹಾಕಿದ್ರೆ ಎಷ್ಟು ತುಳಿದ್ರೂ ಖಾಲಿ ತಿರುಗ್ತೈತೆ. ಮುಂದಕ್ಕೆ ಹೋಗಲ್ಲ."

"ಹೋಗಿ ಏನಾಗ್ಬೇಕು? ಶೋಗೆ ತಾನೆ? ನಿಮ್ ಕೈಲಿ ಆಗಲ್ಲ ಅಂದ್ರೆ ವೆಲ್ಡಿಂಗ್ ವೀರೇಶ ಸಂಜೆ ಬರ್ತಾನೆ. ಕತ್ತರಿಸಿ ಕೂರಿಸ್ತಾನೆ."

ಬಾಯಲ್ಲಿದ್ದ ಕಾಫಿ ಉಗಿಯುವಷ್ಟು ಅಸಹ್ಯವಾಯಿತು. ಅಂಟಿಸಿದ ಸುಳ್ಳಿಗೆ ಹೊಂದಲೆಂದು ನೆಟ್ಟಗಿರುವುದನ್ನು ಕತ್ತರಿಸುತ್ತಾನಂತೆ! ಇಂಥವನ ಕೈಗೆ ಅಬ್ಬಾನ ಸೈಕಲ್ಲು ಕೊಟ್ಟ ನನ್ನ ಮೇಲೂ ಹೇಸಿಗೆಯಾಯಿತು.

ಲೋಟ ಕುಕ್ಕಿ ಎದ್ದೆ. ಹ್ಯಾಂಡಲ್ಲಿಗೆ ಸುತ್ತಿದ್ದ ಪ್ಲಾಸ್ಟಿಕ್ ಹೂವು ಕಿತ್ತೆಸೆದು, ಸ್ಟ್ಯಾಂಡು ಒದ್ದು, ಮೇಜುಗಳ ನಡುವೆಯೇ ಹತ್ತಿ ಕೂತೆ. ಗಿರಾಕಿಗಳು ಕಾಲು ಮುದುರಿಕೊಂಡರು.

ಗೋವರ್ಧನನ ಮುಖ ಬಿಳಿಚಿತು. "ಸಾಬ್ರೇ, ಇವತ್ತು ಶುಕ್ರವಾರ! ಹೊರಗೆ ಮುಖ ಮಾಡಿ ಹೋಗ್ಬ್ಯಾಡ್ರಿ! ಹಿಂದ್‌ಹಿಂದಕ್ಕಾದ್ರೂ ತಳ್ಕೊಂಡು ಹೋಗ್ರಿ!"

ಬೆಲ್ಲು ಬಾರಿಸಿದೆ. ಬಲಗಾಲಲ್ಲಿ ಪೆಡಲ್ ಒತ್ತಿದಾಗ ಬಲಗಡೆಯ ಚೈನು ಬಿಗಿಯಾಯಿತು. ನೆಟ್ಟಗೆ ಹೊಸಿಲು ದಾಟಿದೆ.