ಹೆಲ್ಮ್‌ಬಿಯ ಕಂಚಿನ ಮೊಲ

ಬಿಳಿ ಸ್ಪಂಜಿನಲ್ಲಿ ಕೊರೆದ ಗುಳಿಯೊಳಗೆ ಜಿಲ್ಲಾ ಮ್ಯೂಸಿಯಮ್ಮಿನವರು ಮೊಲವನ್ನು ಮಲಗಿಸುತ್ತಿದ್ದಾಗ ಮ್ಯೂರಿಯಲ್ ಗಾರ್ಸೈಡ್ ಕಿಟಕಿಯ ಕಡೆ ತಿರುಗಿ ನಿಂತಳು. ಅಂಗೈಯಗಲದ ಕಂಚಿನ ಮೊಲ, ರೋಮನ್ನರ ಕಾಲದ್ದು. ಒಂದು ಕಿವಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಅವರ ಪೈಕಿ ಫ್ರೇಯಾ ಎಂಬ ಹುಡುಗಿ, ಮೊಲವನ್ನು ಪರೀಕ್ಷಿಸಿ ಆರು ತಿಂಗಳೊಳಗೆ ವಾಪಸು ಕಳಿಸುತ್ತೇವೆಂದು ಹೇಳಿ ಸಹಿ ಹಾಕಿಸಿಕೊಂಡಳು. ಪೆಟ್ಟಿಗೆ ಮೆಟ್ಟಿಲಿಳಿದು ಹೋದ ಮೇಲೆ ಗಾಜಿನ ಕಪಾಟಿನಲ್ಲಿ ಉಳಿದದ್ದು ಟೈಪು ಮಾಡಿದ ಒಂದು ಚೀಟಿ ಮಾತ್ರ: "೧೯೫೨ರಲ್ಲಿ ಚರಂಡಿ ಅಗೆಯುವಾಗ ವಿಲ್ಫ್ ಗಾರ್ಸೈಡ್‌ಗೆ ಸಿಕ್ಕಿದ್ದು."

ವಿಲ್ಫ್ ಅವಳ ತಂದೆ. ಊಟದ ಡಬ್ಬಿಯಲ್ಲಿಟ್ಟು ಅದನ್ನು ಮನೆಗೆ ತಂದಾಗ ಅವಳಿಗೆ ಏಳು ವರ್ಷ. ಮರುದಿನವೇ ಅವನು ಅದನ್ನು ಶಾಲೆಯ ಹೆಡ್‌ಮಾಸ್ತರ ಪಿಮ್ ಅವರಿಗೆ ಒಪ್ಪಿಸಿದ. ಅವರು ಸಂತೆ ಕಟ್ಟಡದ ಮಹಡಿಯಲ್ಲಿ ಪುಟ್ಟ ಮ್ಯೂಸಿಯಂ ತೆರೆಸಿದರು. ಅಲ್ಲಿಂದೀಚೆಗೆ ಹೆಲ್ಮ್‌ಬಿಗೆ ಬಂದವರು ನೋಡಿ ಹೋಗುತ್ತಿದ್ದುದು ಮೂರೇ: ಚರ್ಚಿನೊಳಗಿನ ಸಮಾಧಿ, ಹಳೇ ಕಲ್ಲುಸೇತುವೆ, ಈ ಮೊಲ. ವಿಲ್ಫ್ ವರ್ಷಕ್ಕೊಮ್ಮೆ ಭಾನುವಾರದ ಕೋಟು ತೊಟ್ಟು ಮಹಡಿ ಹತ್ತಿ ಬರುತ್ತಿದ್ದ. ಮೊಲವನ್ನು ಅರೆಗಳಿಗೆ ನೋಡಿ, ಚೀಟಿಯ ಮುಂದೆ ಬಹಳ ಹೊತ್ತು ನಿಂತು, ಇಳಿದು ಹೋಗುತ್ತಿದ್ದ. ಅವನ ಹೆಸರು ಅಚ್ಚಾದದ್ದು ಅದೊಂದೇ ಕಡೆ.

ಮ್ಯೂರಿಯಲ್ ಇಪ್ಪತ್ತೆರಡು ವರ್ಷದಿಂದ ಸಂಬಳವಿಲ್ಲದೆ ಬಂದವರಿಗೆ ಮೊಲದ ಕಥೆ ಹೇಳುತ್ತಿದ್ದಳು. ಬಾಗಿಲು ತೆಗೆದು ಚಹಾ ಕಾಯಿಸುವುದು ಕ್ಲೈವ್‌ನ ಪಾಲು, ನಿವೃತ್ತ ಅಂಚೆಯವನು. ಆರು ತಿಂಗಳು ಕಳೆದು ಹದಿನಾಲ್ಕಾಯಿತು. ಕಾಗದ ಬರೆದರೆ ಪರಿಶೀಲನೆ ನಡೆಯುತ್ತಿದೆ ಎಂಬ ಉತ್ತರ ಬರುತ್ತಿತ್ತು. ಮೊಲ ಎಲ್ಲಿ ಎಂದು ಕೇಳಿದ ಪ್ರವಾಸಿಗರಿಗೆ ಅವಳು ಚಿಕಿತ್ಸೆಗೆ ಹೋಗಿದೆ ಎನ್ನುತ್ತಿದ್ದಳು.

"ಆಸ್ಪತ್ರೆಗೆ ಹಾಕಿದ ಮುದುಕರ ಕಥೆ ಕಣೇ ಇದು," ಎಂದ ಕ್ಲೈವ್. "ನಾಳೆ ಕಳಿಸ್ತೀವಿ, ನಾಡಿದ್ದು ಕಳಿಸ್ತೀವಿ ಅಂತಾರೆ. ಆಮೇಲೆ ಬಟ್ಟೆ ಗಂಟು ಮಾತ್ರ ಬರತ್ತೆ."

ಅದೇ ವಾರ ಪುರಸಭೆಯ ಕಾಗದ ಬಂತು. ಮೆಟ್ಟಿಲು ಶಿಥಿಲವಾಗಿದೆ, ನೋಡಲು ಬರುವವರೂ ಇಲ್ಲ. ತಿಂಗಳ ಕೊನೆಗೆ ಮಹಡಿ ಮುಚ್ಚತಕ್ಕದ್ದು. ಮ್ಯೂರಿಯಲ್ ಕಪಾಟಿನ ಬೀಗ ತೆಗೆದು ಚೀಟಿಯನ್ನು ಕೈಚೀಲಕ್ಕೆ ಹಾಕಿಕೊಂಡಳು. ಮರುದಿನ ಎರಡು ಬಸ್ಸು ಬದಲಿಸಿ ಜಿಲ್ಲಾ ಕೇಂದ್ರಕ್ಕೆ ಹೋದಳು.

ಮ್ಯೂಸಿಯಮ್ಮಿನ ಉಗ್ರಾಣ ಒಂದು ಟೈರಂಗಡಿಯ ಹಿಂದಿತ್ತು. ಮೊದಲೇ ತಿಳಿಸದೆ ಬಂದಿದ್ದರೂ ಫ್ರೇಯಾ ಅವಳನ್ನು ಒಳಗೆ ಕರೆದು ಕುರ್ಚಿ ಕೊಟ್ಟು, ಉದ್ದನೆಯ ಡ್ರಾಯರೊಂದನ್ನು ಎಳೆದಳು. ಮೊಲ ಮಗ್ಗುಲಾಗಿ ಮಲಗಿತ್ತು. ಕಾಲಿಗೆ ನಂಬರು ಕಟ್ಟಿದ್ದರು. ಮ್ಯೂರಿಯಲ್ ಕೈ ಚಾಚಿದವಳು, ಕೈಗವಸಿಲ್ಲದ್ದು ನೆನಪಾಗಿ ಹಿಂದಕ್ಕೆಳೆದುಕೊಂಡಳು.

ಹೆಲ್ಮ್‌ಬಿಯ ಕಟ್ಟಡದಲ್ಲಿ ತೇವ ಜಾಸ್ತಿ, ಇನ್ನು ಅಲ್ಲಿಗೆ ಕಳಿಸಲಾಗದು ಎಂದಳು ಫ್ರೇಯಾ. ಇಲ್ಲಿಯೂ ಪ್ರದರ್ಶನಕ್ಕೆ ಇಡುವುದಿಲ್ಲ. ಮೈ ತುಂಬ ಹಾಳಾಗಿದೆ. ಮ್ಯೂರಿಯಲ್ ಎರಡಕ್ಕೂ ತಲೆಯಾಡಿಸಿದಳು. ಅವಳಿಗೆ ಬೇಕಿದ್ದುದು ಒಂದೇ, ದಾಖಲೆಯಲ್ಲಿ ಅಪ್ಪನ ಹೆಸರಿದೆಯೇ ಎಂಬುದು. ಫ್ರೇಯಾ ಕಂಪ್ಯೂಟರಿನಲ್ಲಿ ಹುಡುಕಿದಳು. ಕೊಟ್ಟವರು: ಹೆಡ್‌ಮಾಸ್ತರ ಪಿಮ್. ಸಿಕ್ಕಿದ್ದು ಯಾರಿಗೆ: ತಿಳಿದಿಲ್ಲ.

ಮ್ಯೂರಿಯಲ್ ಚೀಟಿ ತೆಗೆದು ಮುಂದಿಟ್ಟಳು. ಹುಡುಗಿ ಅದನ್ನು ಎರಡೂ ಬದಿ ತಿರುಗಿಸಿ ನೋಡಿದಳು.

"ಇದನ್ನ ಟೈಪ್ ಮಾಡಿದ್ಯಾರು, ಮಿಸ್ ಗಾರ್ಸೈಡ್?"

"ಗೊತ್ತಿಲ್ಲ. ಮೊದಲಿಂದ್ಲೂ ಅಲ್ಲೇ ಇತ್ತು."

"ಮೊಲ ಒಪ್ಪಿಸಿದಾಗ ಪಿಮ್ ಅವರು ಬರೆದ ಪತ್ರದಲ್ಲಿ ನಿಮ್ಮ ತಂದೆ ವಿಷಯಾನೇ ಇಲ್ಲ. ಬೇರೆ ಏನಾದ್ರೂ ಆಧಾರ ಬೇಕಾಗತ್ತೆ."

"ನಾನೇ ಇದೀನಲ್ಲ ಮಗಳೇ. ಡಬ್ಬಿಯಿಂದ ತೆಗೆದು ಅಪ್ಪ ನನ್ನ ಕೈಗೇ ಕೊಟ್ರು. ಮೈಯೆಲ್ಲ ಮಣ್ಣು ಮೆತ್ಕೊಂಡಿತ್ತು. ನಾನೇ ತೊಳೆದೆ."

ಫ್ರೇಯಾ ತಲೆಯೆತ್ತಿದಳು. "ತೊಳೆದ್ರಾ? ಯಾವುದ್ರಲ್ಲಿ?"

"ಸೋಡಾ ಹಾಕಿದ ಬಿಸಿನೀರಲ್ಲಿ. ಒಲೆ ಉಜ್ಜೋ ತಂತಿ ಬ್ರಷ್ಷಿತ್ತು, ಅದ್ರಲ್ಲಿ ಚೆನ್ನಾಗಿ ತಿಕ್ಕಿದೆ. ನೀಲಿ ನೀಲಿಯಾಗಿ ಏನೋ ಕಿತ್ತು ಬಂತು. ಕೊಳೆ ಅಂದ್ಕೊಂಡೆ."

ಹುಡುಗಿ ಡ್ರಾಯರಿನತ್ತ ಬಾಗಿ ಮೊಲದ ಬೆನ್ನನ್ನು ನೋಡಿದಳು. ಆಮೇಲೆ ನಿಧಾನವಾಗಿ ವಿವರಿಸಿದಳು. ಅದು ಕೊಳೆಯಾಗಿರಲಿಲ್ಲ, ಬಣ್ಣದ ಗಾಜಿನ ಲೇಪ. ಮೊಲದ ಬೆನ್ನಿನ ತುಂಬ ಇದ್ದಿರಬೇಕು. ಕಿವಿಯೊಳಗೆ ಒಂದು ಚೂರು ಮಾತ್ರ ಉಳಿದಿತ್ತು. ಮಿಕ್ಕದ್ದು ಏನಾಯಿತೆಂದು ತಜ್ಞರು ವರ್ಷವಿಡೀ ತಲೆ ಕೆಡಿಸಿಕೊಂಡಿದ್ದರು. ಅದು ಹಾಗೇ ಇದ್ದಿದ್ದರೆ ಈ ದೇಶದಲ್ಲಿ ಇದಕ್ಕೆ ಸಾಟಿಯೇ ಇರುತ್ತಿರಲಿಲ್ಲ. ಹೇಳಿದ ಮೇಲೆ ಅವಳು ತುಟಿ ಕಚ್ಚಿಕೊಂಡು, "ನೀವಾಗ ಚಿಕ್ಕ ಮಗು," ಎಂದಳು.

"ಅಪ್ಪನಿಗೆ ಖುಷಿಯಾಗಿತ್ತು," ಎಂದಳು ಮ್ಯೂರಿಯಲ್. "ಎಷ್ಟು ಹೊಳೀತಿದೆ ನೋಡು ಅಂದ್ರು."

ಫ್ರೇಯಾ ಟೈಪು ಮಾಡಿ, ಪರದೆಯನ್ನು ಅವಳ ಕಡೆ ತಿರುಗಿಸಿ, ಹೆಸರಿನ ಕಾಗುಣಿತ ಸರಿಯಿದೆಯೇ ಎಂದು ಕೇಳಿದಳು. ಮ್ಯೂರಿಯಲ್ ಕನ್ನಡಕ ಸರಿಮಾಡಿಕೊಂಡು ಓದಿದಳು. ಹಾನಿಯ ಕಾರಣ: ಮನೆಯಲ್ಲಿ ಉಜ್ಜಿ ತೊಳೆದದ್ದು, ೧೯೫೨. ತೊಳೆದವರು: ಮ್ಯೂರಿಯಲ್ ಗಾರ್ಸೈಡ್, ಸ್ವಂತ ಹೇಳಿಕೆ. ಅದರ ಮೇಲಿನ ಸಾಲಿನಲ್ಲಿ, ಸಿಕ್ಕಿದ್ದು ಯಾರಿಗೆ ಎಂಬುದರ ಮುಂದೆ, 'ತಿಳಿದಿಲ್ಲ' ಎಂಬುದು ಹಾಗೇ ಇತ್ತು. ಸರಿಯಾಗಿದೆ ಎಂದಳು. ಚೀಟಿಯನ್ನು ಹುಡುಗಿ ಪ್ಲಾಸ್ಟಿಕ್ ಕವರಿಗೆ ಹಾಕಿ, ಪರಿಶೀಲನೆಗೆಂದು ಬಂದ ಕಾಗದಗಳ ಮೇಲಿಟ್ಟಳು. ಮ್ಯೂರಿಯಲ್ ವಾಪಸು ಕೇಳಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಗಂಡಹೆಂಡಿರಿಬ್ಬರು ಪುಟ್ಟ ನಾಯಿಯೊಂದಿಗೆ ಬಂದು ಕೂತರು. ರಜೆಗೆಂದು ಹೊರಟವರು. ಅವಳು ಹೆಲ್ಮ್‌ಬಿಯವಳೆಂದು ತಿಳಿದು, ಅಲ್ಲಿ ನೋಡಲು ಏನೇನಿದೆ ಎಂದು ಹೆಂಗಸು ಕೇಳಿದಳು.

"ಸೇತುವೆ ಇದೆ," ಎಂದಳು ಮ್ಯೂರಿಯಲ್. "ಚರ್ಚಿಗೆ ನಾಲ್ಕಕ್ಕೇ ಬೀಗ ಹಾಕ್ತಾರೆ."

"ಮತ್ತೆ?"

ಮ್ಯೂರಿಯಲ್ ಯೋಚಿಸಿದಳು. "ಶೌಚಾಲಯ ಕಾರು ನಿಲ್ಲಿಸೋ ಜಾಗದ ಹಿಂದಿದೆ. ಐದರ ತನಕ ತೆಗೆದಿರತ್ತೆ."

ಹೆಲ್ಮ್‌ಬಿಯಲ್ಲಿ ಮೂವರೂ ಇಳಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ನಾಯಿಯನ್ನು ಶೌಚಾಲಯದೊಳಗೆ ಬಿಡುವುದಿಲ್ಲವಾದ್ದರಿಂದ ಹೆಂಗಸು ಅದರ ಹಗ್ಗವನ್ನು ಮ್ಯೂರಿಯಲ್ ಕೈಗಿತ್ತು, ಗಂಡನೊಂದಿಗೆ ಅವಸರದಲ್ಲಿ ಹೋದಳು. ಸಂತೆ ಮುಗಿದಿತ್ತು, ವ್ಯಾಪಾರದವರು ಟಾರ್ಪಾಲು ಮಡಚುತ್ತಿದ್ದರು. ನಾಯಿ ಅವಳ ಶೂ ಮೇಲೆ ಕುಕ್ಕರಿಸಿ, ಒಡೆಯರು ಹೋದ ದಿಕ್ಕನ್ನೇ ನೋಡತೊಡಗಿತು. ಮ್ಯೂರಿಯಲ್ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ಅಲ್ಲೇ ನಿಂತಳು.